ಮೂರು ವರ್ಷದ ಅನುದಾನ, ಮೂವತ್ತು ವರ್ಷದ ತೋಟ

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಹೊರನಾಡು, ಕಳಸ, ಸಂಸೆ ಕಡೆಯ ಕಣಗಳಿಗೆ ಕಾಳುಮೆಣಸು ಇಳಿಯುತ್ತದೆ. ಸಿಲ್ವರ್ ಓಕಿಗೆ ಏಣಿ ಚಾಚಿ ಕೊಯ್ದ ಗೊಂಚಲಿನಿಂದ ಕಾಳು ಬಿಡಿಸಿ, ಬಿಸಿಲಿಗೆ ಹರಡಿ, ಸಂಜೆಗೆ ಟಾರ್ಪಾಲು ಎಳೆದು, ಬೆಳಗ್ಗೆ ಮತ್ತೆ ಕೆದಕುವುದು ಆ ದಿನಗಳಲ್ಲಿ ಮನೆಮನೆಯ ಕೆಲಸ. ಎಷ್ಟೇ ಚೊಕ್ಕವಾಗಿ ಮಾಡಿದರೂ ಕಣ ಅಂದರೆ ತೆರೆದ ಜಾಗ. ಮಣ್ಣಿನ ಧೂಳು, ಇಬ್ಬನಿ, ಹಕ್ಕಿ, ಕೋಳಿ ಎಲ್ಲಕ್ಕೂ ಅಲ್ಲಿ ದಾರಿಯಿದೆ. ಹೀಗೆ ಒಣಗಿದ ಮೆಣಸಿನ ಒಂದೇ ಗ್ರಾಂನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಸಿಗುವುದು ಅಪರೂಪವಲ್ಲ. ನಮ್ಮ ಸಾರಿನಲ್ಲಿ ಕುದಿಯುವ ಮೆಣಸಿಗೆ ಇದರಿಂದ ತೊಂದರೆಯಿಲ್ಲ. ಆದರೆ ಊಟದ ಮೇಲೆ ಹಸಿಯಾಗಿಯೇ ಉದುರಿಸಿಕೊಳ್ಳುವ ದೇಶಗಳಿಗೆ ಹೋಗುವ ಸರಕಿನಲ್ಲಿ ಸಾಲ್ಮೊನೆಲ್ಲಾ ಕಂಡರೆ ಇಡೀ ಕಂಟೇನರನ್ನೇ ತಡೆಯುತ್ತಾರೆ.

ಇದನ್ನು ಶುದ್ಧ ಮಾಡಲು ಮುಖ್ಯವಾಗಿ ಮೂರು ದಾರಿಗಳಿವೆ. ಹಬೆ ಹಾಯಿಸಬಹುದು, ಆದರೆ ಘಾಟು-ಪರಿಮಳ ಕೊಂಚ ಹಾರಿಹೋಗುತ್ತದೆ. ಎಥಿಲೀನ್ ಆಕ್ಸೈಡ್ ಎಂಬ ಅನಿಲ ಬಿಡಬಹುದು, ಆದರೆ ಅದು ಕ್ಯಾನ್ಸರ್ ತರಬಲ್ಲ ರಾಸಾಯನಿಕವೆಂದು ಯುರೋಪ್ ಒಕ್ಕೂಟ ಆಹಾರದಲ್ಲಿ ಅದನ್ನು ನಿಷೇಧಿಸಿದೆ. 2020ರಲ್ಲಿ ನಮ್ಮ ಎಳ್ಳು ಯುರೋಪಿನಲ್ಲಿ ಸಿಕ್ಕಿಬಿದ್ದದ್ದು, 2024ರ ಏಪ್ರಿಲ್‌ನಲ್ಲಿ ಹಾಂಕಾಂಗ್ ಮತ್ತು ಸಿಂಗಾಪುರ ಭಾರತದ ಕೆಲವು ಮಸಾಲೆ ಪುಡಿಗಳನ್ನು ತಡೆದದ್ದು ಇದೇ ಅನಿಲದ ಕಾರಣಕ್ಕೆ. ಮೂರನೆಯದು ಗಾಮಾ ಕಿರಣ. ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದಿಂದ ಹೊಮ್ಮುವ ಈ ಕಿರಣ ಪ್ಯಾಕ್ ಮಾಡಿದ ಚೀಲವನ್ನು ಬಿಚ್ಚದೆಯೇ ಒಳಹೊಕ್ಕು ಸೂಕ್ಷ್ಮಾಣುಗಳ ಡಿಎನ್ಎಯನ್ನು ತುಂಡರಿಸುತ್ತದೆ. ಭಾರತದ ನಿಯಮದಲ್ಲಿ ಸಾಂಬಾರ ಪದಾರ್ಥಗಳಿಗೆ 6ರಿಂದ 14 ಕಿಲೋಗ್ರೇವರೆಗೆ (ಹೀರಿಕೊಂಡ ವಿಕಿರಣದ ಅಳತೆ) ಅವಕಾಶವಿದೆ. 10 ಕಿಲೋಗ್ರೇ ಕೊಟ್ಟರೂ ಅಷ್ಟು ಶಕ್ತಿಯಿಂದ ನೀರಿನ ಉಷ್ಣತೆ ಏರುವುದು ಸುಮಾರು ಎರಡೂವರೆ ಡಿಗ್ರಿ ಮಾತ್ರ. ಮೆಣಸು ಬೇಯುವುದಿಲ್ಲ, ಬೆವರುವುದಿಲ್ಲ, ಪರಿಮಳವನ್ನೂ ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಕೋಬಾಲ್ಟಿನ ಕಿರಣಕ್ಕೆ ಆಹಾರವನ್ನೇ ವಿಕಿರಣಶೀಲ ಮಾಡುವಷ್ಟು ಶಕ್ತಿ ಇಲ್ಲ. ಯುರೋಪ್ ಒಕ್ಕೂಟ 1999ರ ತನ್ನ ನಿರ್ದೇಶನದಲ್ಲಿ ಎಲ್ಲ ಸದಸ್ಯ ದೇಶಗಳಿಗೂ ಅನ್ವಯವಾಗುವಂತೆ ವಿಕಿರಣಕ್ಕೆ ಒಪ್ಪಿಗೆ ಕೊಟ್ಟ ಒಂದೇ ಒಂದು ಆಹಾರ ವರ್ಗ ಒಣಗಿಸಿದ ಸೊಪ್ಪು ಮತ್ತು ಸಾಂಬಾರ ಪದಾರ್ಥಗಳದ್ದು. ನಮ್ಮ ಮೆಣಸು ಆ ಪಟ್ಟಿಯೊಳಗೆ ಬರುತ್ತದೆ.

ಇದು ಯಾರೋ ಖಾಸಗಿಯವರು ಒಂದು ದಿನ ಕಂಡುಹಿಡಿದು ಮಾರುಕಟ್ಟೆಗೆ ಬಿಟ್ಟ ತಂತ್ರವಲ್ಲ. ಮುಂಬೈನ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರ ದಶಕಗಳ ಕಾಲ ಸರ್ಕಾರದ ಹಣದಲ್ಲಿ ಈರುಳ್ಳಿ, ಆಲೂಗಡ್ಡೆ, ಮಸಾಲೆ, ಮಾವುಗಳ ಮೇಲೆ ಪ್ರಯೋಗ ನಡೆಸಿತು. 1994ರಲ್ಲಿ ಈರುಳ್ಳಿ, ಆಲೂಗಡ್ಡೆ ಮತ್ತು ಸಾಂಬಾರ ಪದಾರ್ಥಗಳಿಗೆ ಕಾನೂನಿನ ಅನುಮತಿ ಬಂತು. 2000ದಲ್ಲಿ ನವಿ ಮುಂಬೈನ ವಾಶಿಯಲ್ಲಿ ಮಸಾಲೆಗೆಂದೇ ಒಂದು ಘಟಕ ಶುರುವಾಯಿತು. 2002ರಲ್ಲಿ ನಾಸಿಕ್ ಬಳಿಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆಯೊಡೆಯದಂತೆ ತಡೆಯುವ 'ಕೃಷಕ್' ಕೇಂದ್ರ ಬಂತು, 2007ರಲ್ಲಿ ಅಲ್ಲಿಂದಲೇ ಅಮೆರಿಕಕ್ಕೆ ಮಾವು ಹೋಯಿತು. ಈಗ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ರಫ್ತು ಮಾವಿಗೆ ಗಾಮಾ ಸೌಲಭ್ಯ ಇದೆ. ಪ್ರಯೋಗಾಲಯದ ಮೇಜಿನಿಂದ ರೈತನ ಚೀಲದವರೆಗೆ ಬರಲು ಒಂದು ತಲೆಮಾರೇ ಹಿಡಿದಿದೆ. ಅಷ್ಟು ವರ್ಷ ಕೈಬಿಡದೆ ಹಣ ಕೊಟ್ಟವರು ಇದ್ದರು ಎಂಬುದೇ ಈ ಕತೆಯಲ್ಲಿ ದೊಡ್ಡ ಸಂಗತಿ.

2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಸಣ್ಣ ಮತ್ತು ಮಧ್ಯಮ ಉದ್ಯಮ ವಲಯದಲ್ಲಿ 50 ಬಹು-ಉತ್ಪನ್ನ ಆಹಾರ ವಿಕಿರಣ ಘಟಕಗಳಿಗೆ ನೆರವು ಘೋಷಿಸಿತು. 2025ರ ಜುಲೈ ಕೊನೆಗೆ ಸಂಪುಟ ಈ 50 ಘಟಕ ಮತ್ತು 100 ಆಹಾರ ಪರೀಕ್ಷಾ ಪ್ರಯೋಗಾಲಯಗಳಿಗೆ ಸೇರಿ 1,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ದೇಶದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ರಾಜ್ಯ ಕರ್ನಾಟಕ, ಅದರಲ್ಲೂ ಕೊಡಗು ಮತ್ತು ಚಿಕ್ಕಮಗಳೂರು. ಹಾಗಿರುವಾಗ ಆ ಐವತ್ತರಲ್ಲಿ ಒಂದು ನಮ್ಮ ಬೆಟ್ಟಗಳಿಗೆ ಕೈಗೆಟಕುವ ದೂರದಲ್ಲಿ ಇರಬೇಕೆಂದು ಕೇಳುವುದು ಹೆಚ್ಚಲ್ಲ.

ಕೇಳುವಾಗ ಒಂದು ಎಚ್ಚರ ಬೇಕು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಸರಕು ಬರಲಿ ಬಿಡಲಿ, ವರ್ಷಕ್ಕೆ ಸುಮಾರು ಶೇ 12ರಷ್ಟು ಶಕ್ತಿ ಕರಗುತ್ತಲೇ ಇರುತ್ತದೆ. ಘಟಕ ಸುಮ್ಮನಿದ್ದಷ್ಟು ದಿನವೂ ನಷ್ಟ. ನಮ್ಮ ಮೆಣಸು ಕಣಕ್ಕೆ ಬರುವುದು ವರ್ಷದಲ್ಲಿ ಎರಡು-ಮೂರು ತಿಂಗಳು. ಹಾಗಾಗಿ ಬರಿಯ ಮೆಣಸನ್ನು ನಂಬಿ ಮೂಡಿಗೆರೆಯಲ್ಲೋ ಕಳಸದಲ್ಲೋ ಘಟಕ ಕಟ್ಟಿದರೆ ಅದು ಉಳಿಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ, ಒಣ ಶುಂಠಿ, ಏಲಕ್ಕಿ, ಅರಿಶಿನ, ಆಸ್ಪತ್ರೆಯ ಕೈಗವಸು-ಸಿರಿಂಜು ಇವೆಲ್ಲ ಸೇರಿ ವರ್ಷಪೂರ್ತಿ ಕೆಲಸ ಸಿಗಬೇಕು. ನನ್ನ ಮಟ್ಟಿಗೆ ಸರಿಯಾದ ಜಾಗ ಹಾಸನ ಅಥವಾ ಮಂಗಳೂರು ಬಂದರಿನ ಆಸುಪಾಸು. ಬೆಟ್ಟದ ಮೇಲೆ ಬೇಕಾದದ್ದು ಒಳ್ಳೆಯ ಗೋದಾಮು, ತೇವಾಂಶ ಅಳೆಯುವ ಯಂತ್ರ ಮತ್ತು ಸಣ್ಣ ಬೆಳೆಗಾರರ ಮೆಣಸನ್ನು ಒಟ್ಟು ಮಾಡಿ ಕಳಿಸುವ ಸಹಕಾರ ಸಂಘ. ಎರಡು ಎಕರೆಯವನ ನಾಲ್ಕು ಚೀಲ ಮೆಣಸು ತಾನಾಗಿ ಗಾಮಾ ಘಟಕದವರೆಗೆ ಹೋಗಲಾರದು.

ಮೆಣಸನ್ನು ಶುಚಿ ಮಾಡುವ ವಿಚಾರ ಇಲ್ಲಿಗೆ ಸಾಕು. ಮೆಣಸು, ಕಾಫಿ, ಅಡಿಕೆಯ ಗಿಡಗಳನ್ನೇ ಉಳಿಸುವ ಕೆಲಸ ಇದಕ್ಕಿಂತ ಕಷ್ಟದ್ದು. ಅದಕ್ಕೂ ಅಣು ವಿಜ್ಞಾನ ನೆರವಾಗಬಲ್ಲದು, ಆದರೆ ಅದಕ್ಕೆ ಹಣ ಹೇಗೆ ಬರುತ್ತದೆ ಎಂದು ಮೊದಲು ನೋಡಬೇಕು.

ಅಣು ವಿಜ್ಞಾನಕ್ಕೆ ಸರ್ಕಾರ ಕೊಡುವ ಹಣದಲ್ಲಿ ಬಹುಪಾಲು ರಿಯಾಕ್ಟರ್, ಇಂಧನ, ದೊಡ್ಡ ಪ್ರಯೋಗಾಲಯಗಳಿಗೇ ಹೋಗುತ್ತದೆ. ವಿಶ್ವವಿದ್ಯಾಲಯಗಳಿಗೆ ಹರಿಯುವುದು ಒಂದು ಸಣ್ಣ ತೊರೆ. ಆ ತೊರೆಯ ಹೆಸರು ಅಣು ವಿಜ್ಞಾನ ಸಂಶೋಧನಾ ಮಂಡಳಿ, ಸಂಶೋಧಕರ ಬಾಯಲ್ಲಿ ಬಿಆರ್‌ಎನ್‌ಎಸ್. ಅಣುಶಕ್ತಿ ಇಲಾಖೆಯ ಪರವಾಗಿ ಇದು ಪ್ರಾಧ್ಯಾಪಕರ ಯೋಜನೆಗಳನ್ನು ಪರಿಶೀಲಿಸಿ ಉಪಕರಣಕ್ಕೆ, ಸಂಶೋಧನಾ ವಿದ್ಯಾರ್ಥಿಗಳ ವೇತನಕ್ಕೆ ಹಣ ಕೊಡಿಸುತ್ತದೆ. ಯೋಜನೆಯ ಅವಧಿ ಸಾಮಾನ್ಯವಾಗಿ ಮೂರು ವರ್ಷ.

ಈ ಸಣ್ಣ ಹಣ ಏನು ಮಾಡಬಲ್ಲದು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಕುದುರೆಮುಖ ದಾಟಿ, ಎಸ್.ಕೆ. ಬಾರ್ಡರ್ ಹಾದು ಕಾರ್ಕಳದ ಕಡೆ ಘಾಟಿ ಇಳಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಸಿಗುತ್ತದೆ. ಅಲ್ಲಿ ಪ್ರೊ. ಕೆ. ಸಿದ್ದಪ್ಪ ಮತ್ತು ಅವರ ಸಹೋದ್ಯೋಗಿಗಳು ಕರಾವಳಿಯ ವಿಕಿರಣವನ್ನು ಅಳೆಯುವ ಕೆಲಸ ಕೈಗೆತ್ತಿಕೊಂಡರು. ಉಳ್ಳಾಲದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್‌ನಿಂದಾಗಿ ಸಹಜ ವಿಕಿರಣ ಹೆಚ್ಚಿದೆ ಎಂಬುದನ್ನು ಈ ತಂಡ 1993ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿತು. 1991ರಿಂದ 94ರವರೆಗಿನ ಒಂದು ಯೋಜನೆಯಲ್ಲಿ ಕರಾವಳಿ ಕರ್ನಾಟಕ, ಕೈಗಾ ಮತ್ತು ಗೋವಾ ಪರಿಸರದ ಮಣ್ಣು, ನೀರು, ಗಿಡಗಳಲ್ಲಿ ಸಹಜವಾಗಿ ಎಷ್ಟು, ಮನುಷ್ಯ ಮಾಡಿದ್ದು ಎಷ್ಟು ವಿಕಿರಣ ಇದೆ ಎಂದು ಅಳೆಯಲಾಯಿತು. ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ರಿಯಾಕ್ಟರುಗಳು ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 2000ದಲ್ಲಿ. ಅಂದರೆ ಸ್ಥಾವರ ಉರಿಯುವ ಮೊದಲೇ ಆ ಕಾಡಿನ ಲೆಕ್ಕ ಬರೆದಿಟ್ಟದ್ದಾಯಿತು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಲೆನಾಡಿನವರಿಗೆ ಅಣು ಎಂದ ಕೂಡಲೇ ನೆನಪಾಗುವುದು ಕೈಗಾ, ಅದರ ವಿರುದ್ಧ ನಡೆದ ಹೋರಾಟ, ಎಂಬತ್ತು ದಾಟಿದ ವಯಸ್ಸಿನಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು 1989ರಲ್ಲಿ ಲೋಕಸಭೆಗೆ ನಿಂತ ಶಿವರಾಮ ಕಾರಂತರು. ಆ ಅನುಮಾನ ನ್ಯಾಯವಾದದ್ದು. ಅನುಮಾನಕ್ಕೆ ಉತ್ತರವಾಗಿ ಭರವಸೆಯ ಭಾಷಣ ಸಾಲದು, ಅಳತೆ ಬೇಕು, ಅದೂ ಎಲ್ಲರೂ ಓದಬಹುದಾದಂತೆ ಪ್ರಕಟವಾದ ಅಳತೆ. ಕೊಣಾಜೆಯ ಕೆಲಸ ಆ ದಾರಿ ಹಿಡಿಯಿತು. ಮೊದಲ ಅನುದಾನದ ಬೆನ್ನಿಗೆ ಎರಡನೆಯದು, ಮೂರನೆಯದು ಬಂದದ್ದರಿಂದ ಇಂದು ಅಲ್ಲಿ ಪರಿಸರ ವಿಕಿರಣ ಸಂಶೋಧನೆಗೆಂದೇ ಒಂದು ಕೇಂದ್ರವಿದೆ, ರೇಡಿಯೋಐಸೋಟೋಪ್‌ಗಳ ಬಳಕೆಗೆ ಇನ್ನೊಂದಿದೆ. ಇಂದೋರಿನಲ್ಲಿ ತಯಾರಾದ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕ 1995ರಿಂದ ಅಲ್ಲಿದೆ. ಅದು 8 ದಶಲಕ್ಷ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಯಂತ್ರ, ಬೀಜವಾಗಲಿ ಪ್ಲಾಸ್ಟಿಕ್ ಆಗಲಿ ಕಿರಣಕ್ಕೊಡ್ಡಿ ನೋಡಲು ಸಾಕಷ್ಟಾಯಿತು.

ಇನ್ನು ಬಯಲುಸೀಮೆಗೆ ಬನ್ನಿ. ಚಳ್ಳಕೆರೆ, ಪಾವಗಡ, ಗದಗದ ಶೇಂಗಾ ಹೊಲಗಳಲ್ಲಿ 'ಟಿಎಜಿ-24' ಅಂದರೆ ರೈತರಿಗೆ ಗೊತ್ತು. ಟ್ರಾಂಬೆಯಲ್ಲಿ ವಿಕಿರಣಕ್ಕೊಡ್ಡಿ ಪಡೆದ ಶೇಂಗಾ ತಳಿಗಳ ವಂಶದ್ದು ಅದು, 1991ರಲ್ಲಿ ಬಿಡುಗಡೆಯಾಯಿತು. ಹೆಚ್ಚು ಪ್ರಸಿದ್ಧವಾದ ಇನ್ನೊಂದು ತಳಿ ಟಿಜಿ-37ಎ. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಟ್ರಾಂಬೆಯೂ ಸೇರಿ ಕೊಟ್ಟ ಟಿಡಿಜಿ-39ರ ಹೆಸರಿನಲ್ಲೇ ಟ್ರಾಂಬೆ ಮತ್ತು ಧಾರವಾಡ ಎರಡೂ ಇವೆ. ಬೀಜಕ್ಕೆ ಎಕ್ಸ್-ರೇ ಅಥವಾ ಗಾಮಾ ಕಿರಣ ಹಾಯಿಸಿದಾಗ ಅದರ ಡಿಎನ್ಎಯಲ್ಲಿ ಅಲ್ಲಲ್ಲಿ ಬದಲಾವಣೆ ಆಗುತ್ತದೆ. ಬಹುಪಾಲು ಕೆಟ್ಟದ್ದೇ. ಸಾವಿರಾರು ಗಿಡಗಳಲ್ಲಿ ಎಲ್ಲೋ ಒಂದು ದಪ್ಪ ಕಾಳಿನದ್ದು, ಬೇಗ ಬಲಿಯುವಂಥದ್ದು ಸಿಗುತ್ತದೆ. ಅದನ್ನು ಆರಿಸಿ, ಬಿತ್ತಿ, ಮತ್ತೆ ಆರಿಸಿ, ಬೇರೆ ತಳಿಯೊಂದಿಗೆ ಕೂಡಿಸಿ ಗಟ್ಟಿ ಮಾಡಬೇಕು. ಹೊರಗಿನ ಜೀನ್ ಇದರಲ್ಲಿ ಸೇರುವುದಿಲ್ಲ, ಹಾಗಾಗಿ ಕುಲಾಂತರಿ ತಳಿಯ ಜಗಳವೂ ಇಲ್ಲ. ಟ್ರಾಂಬೆಯಿಂದ ಹೀಗೆ ಬಂದ ತಳಿಗಳು 60ಕ್ಕೂ ಹೆಚ್ಚು, ಅವುಗಳಲ್ಲಿ ಹೆಚ್ಚಿನವು ಶೇಂಗಾ, ಹೆಸರು, ಉದ್ದು, ತೊಗರಿ, ಸಾಸಿವೆ, ಭತ್ತ.

ಈ ಪಟ್ಟಿಯಲ್ಲಿರುವುದೆಲ್ಲ ವರ್ಷದೊಳಗೆ ಮುಗಿಯುವ ಬೆಳೆ. ಕಾರಣ ಸರಳ ಲೆಕ್ಕ. ಶೇಂಗಾ ಬಿತ್ತಿದ ನಾಲ್ಕು ತಿಂಗಳೊಳಗೆ ಕಿತ್ತುಬಿಡಬಹುದು, ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು. ಮೂರು ವರ್ಷದ ಯೋಜನೆಯಲ್ಲಿ ಆರು ತಲೆಮಾರು ಸಿಗುತ್ತವೆ. ಅದೇ ಮೂರು ವರ್ಷದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಯೊಬ್ಬರು ಅರೇಬಿಕಾ ಬೀಜಕ್ಕೆ ಕಿರಣ ಕೊಟ್ಟು ಪಾತಿಗೆ ಹಾಕಿದರು ಎನ್ನಿ. ಮುಂದಿನ ಮಳೆಗೆ ಸಸಿ ನೆಡಬೇಕು. ಮೊದಲ ಹೂ ಮಳೆಗೆ ಆ ಗಿಡ ಹೂ ಬಿಡುವ ಹೊತ್ತಿಗೆ ಯೋಜನೆಯೇ ಮುಗಿದಿರುತ್ತದೆ. ಆ ಮೊದಲ ತಲೆಮಾರಿನಲ್ಲಿ ಏನೂ ಗೊತ್ತಾಗುವುದೂ ಇಲ್ಲ. ಅರೇಬಿಕಾ 44 ವರ್ಣತಂತುಗಳ ಗಿಡ, ಪ್ರತಿ ಜೀನಿಗೂ ನಾಲ್ಕು ಪ್ರತಿಗಳಂತಿರುತ್ತವೆ. ಒಂದು ಕೆಟ್ಟರೆ ಉಳಿದವು ಅದನ್ನು ಮುಚ್ಚಿಹಾಕುತ್ತವೆ. ನಿಜವಾದ ಬದಲಾವಣೆ ತಲೆ ಎತ್ತುವುದು ಎರಡನೆಯ ಅಥವಾ ಮೂರನೆಯ ತಲೆಮಾರಿನಲ್ಲಿ, ಅಂದರೆ ಎಂಟು-ಹತ್ತು ವರ್ಷದ ನಂತರ. ಎಲೆತುಕ್ಕು ರೋಗ ಬರುತ್ತದೆಯೋ ಇಲ್ಲವೋ, ಬಿಳಿ ಕಾಂಡಕೊರಕ ಬೀಳುತ್ತದೆಯೋ ಇಲ್ಲವೋ, ಕಪ್ಪಿನಲ್ಲಿ ರುಚಿ ಹೇಗಿದೆ ಎಂದು ನೋಡಲು ಮತ್ತೊಂದು ಹತ್ತು ವರ್ಷ. ರೋಬಸ್ಟಾ ಪರಪರಾಗಸ್ಪರ್ಶದ ಗಿಡ, ಅದರ ಕಷ್ಟವೇ ಬೇರೆ. ಅಡಿಕೆ ಇನ್ನೂ ನಿಧಾನ. ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು, ಗೆಲ್ಲು ಕತ್ತರಿಸಿ ನೆಡುವ ಹಾಗೂ ಇಲ್ಲ.

ಕಳಸ, ಹೊರನಾಡು, ಸಂಸೆಯ ಅಡಿಕೆ ತೋಟಗಳನ್ನು ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗ ಸುಡುತ್ತಿದೆ. ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗ ಅದಕ್ಕೂ ಹಳೆಯದು. ಮದ್ದು ಹೊಡೆದು ಹೊಡೆದು ಕೈ ಸೋತ ಮನೆಗಳಿವೆ. ಇಂಥ ಕಡೆ ರೋಗ ತಡೆಯುವ ಮರ ಬೇಕೆಂದು ಎಲ್ಲರೂ ಹೇಳುತ್ತಾರೆ, ಅದನ್ನು ಮೂರು ವರ್ಷದ ಕಾಗದದಲ್ಲಿ ಬೆಳೆಸಲು ಹೊರಟರೆ ಆಗುವುದಿಲ್ಲ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ: ಬಹುವಾರ್ಷಿಕ ಬೆಳೆಗೆ ಕೊಡುವ ಸಂಶೋಧನಾ ಹಣದ ಅವಧಿಯನ್ನು ಆ ಗಿಡದ ಆಯುಷ್ಯ ನೋಡಿ ನಿಗದಿ ಮಾಡಬೇಕು. ಮೊತ್ತ ದೊಡ್ಡದಾಗಬೇಕಿಲ್ಲ, ಮಧ್ಯದಲ್ಲಿ ನಿಲ್ಲಬಾರದು. ಮೂರು ವರ್ಷಕ್ಕೆ ಒಂದು ಕೋಟಿ ಕೊಟ್ಟು ಬಿಡುವುದಕ್ಕಿಂತ ಅದೇ ಕೋಟಿಯನ್ನು ಹದಿನೈದು ವರ್ಷಕ್ಕೆ ಹಂಚಿ ಕೊಟ್ಟರೆ ಕಾಫಿಗೂ ಅಡಿಕೆಗೂ ಹೆಚ್ಚು ಉಪಕಾರ.

ಕಾಫಿಯಲ್ಲಿ ಈ ಪ್ರಯತ್ನ ಜಗತ್ತಿಗೆ ಹೊಸದಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಸೇರಿ 2015ರಲ್ಲಿ ಕಾಫಿ ಮತ್ತು ಬಾಳೆಯಲ್ಲಿ ರೋಗನಿರೋಧಕ ರೂಪಾಂತರಗಳನ್ನು ಬೇಗ ಗುರುತಿಸುವ ವಿಧಾನಗಳಿಗೆ ಒಂದು ಯೋಜನೆ ಶುರು ಮಾಡಿದವು. ಎಲೆತುಕ್ಕು ರೋಗವನ್ನು ಎದುರಿಸುವ ಕಾಫಿ ತಳಿಗಾಗಿ ಕಿರಣ ಎಷ್ಟು ಕೊಡಬೇಕು, ಅಂಗಾಂಶದಿಂದ ಗಿಡ ಹೇಗೆ ಪಡೆಯಬೇಕು, ಎಳೆಯ ಎಲೆಯಲ್ಲೇ ರೋಗ ಹೇಗೆ ಪರೀಕ್ಷಿಸಬೇಕು ಎಂಬ ಕೈಪಿಡಿ 2023ರಲ್ಲಿ ಯಾರು ಬೇಕಾದರೂ ಓದುವಂತೆ ಪ್ರಕಟವಾಗಿದೆ.

ನಮ್ಮಲ್ಲಿ ಮೊದಲು ಕೈಹಾಕಬಹುದಾದ ಗಿಡ ನನ್ನ ಪ್ರಕಾರ ಮತ್ತೆ ಕಾಳುಮೆಣಸೇ. ಅದನ್ನು ಬಳ್ಳಿ ತುಂಡು ಮಾಡಿ ನೆಡುತ್ತೇವೆ. ಕಿರಣಕ್ಕೊಡ್ಡಿದ ಬಳ್ಳಿಯ ಒಂದು ಕಣ್ಣಿನಲ್ಲಿ ಒಳ್ಳೆಯ ಬದಲಾವಣೆ ಸಿಕ್ಕರೆ ಬೀಜದ ತಲೆಮಾರುಗಳಿಗೆ ಕಾಯದೆ ಅದೇ ಬಳ್ಳಿಯಿಂದ ಸಾವಿರ ಸಸಿ ಮಾಡಬಹುದು. ಸೊರಗು ರೋಗದ ಶಿಲೀಂಧ್ರವಿರುವ ಮಣ್ಣಿನಲ್ಲಿ ಸಸಿಯನ್ನೇ ಬೆಳೆಸಿ ಯಾವುದು ಉಳಿಯಿತು ಎಂದು ನೋಡಬಹುದು. ಒಂದೇ ಬಳ್ಳಿಯಲ್ಲಿ ಬದಲಾದ ಕೋಶ, ಬದಲಾಗದ ಕೋಶ ಎರಡೂ ಬೆರೆತಿರುವುದು ಇಲ್ಲಿನ ತೊಡಕು. ನಾಲ್ಕೈದು ಸಲ ತುಂಡು ಮಾಡಿ ನೆಟ್ಟು ಬೇರ್ಪಡಿಸಬೇಕಾಗುತ್ತದೆ. ಆದರೂ ಇದು ಅಡಿಕೆಗೆ ಹೋಲಿಸಿದರೆ ಹತ್ತಿರದ ದಾರಿ. ಏಲಕ್ಕಿಯಲ್ಲಿ ಮೂಡಿಗೆರೆ-1, ಮೂಡಿಗೆರೆ-2 ತಳಿಗಳನ್ನು ಕೊಟ್ಟ ಸಂಶೋಧನಾ ಕೇಂದ್ರ ಮೂಡಿಗೆರೆಯಲ್ಲೇ ಇದೆ. ಕೊಡಗಿನ ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಪ್ರಾದೇಶಿಕ ಕೇಂದ್ರವಿದೆ. ಅಡಿಕೆಗೆ ಕಾಸರಗೋಡು ಮತ್ತು ವಿಟ್ಲ ಇವೆ. ಕಿರಣಕ್ಕೆ ಕೊಣಾಜೆ ಇದೆ. ಇವೆಲ್ಲ ಒಂದು ಹಗಲಿನ ಪ್ರಯಾಣದೊಳಗೆ ಇದ್ದರೂ ಬೇರೆ ಬೇರೆ ಇಲಾಖೆಗಳ ಕೆಳಗಿವೆ, ಕಾಫಿ ವಾಣಿಜ್ಯ ಸಚಿವಾಲಯಕ್ಕೆ, ಅಡಿಕೆ ಕೃಷಿ ಸಚಿವಾಲಯಕ್ಕೆ, ಕಿರಣ ಅಣುಶಕ್ತಿ ಇಲಾಖೆಗೆ. ಇವರನ್ನು ಒಂದೇ ಮೇಜಿಗೆ ತರುವ ಅನುದಾನ ಬೇಕು.

ಗೊಬ್ಬರದ ವಿಷಯದಲ್ಲೂ ಈ ವಿಜ್ಞಾನಕ್ಕೆ ಹೇಳಲು ಇದೆ. ರಂಜಕ-32 ಎಂಬ ವಿಕಿರಣಶೀಲ ರಂಜಕವನ್ನು ಮಣ್ಣಿನಲ್ಲಿ ಬೇರೆ ಬೇರೆ ಆಳ, ದೂರಗಳಲ್ಲಿ ಇಟ್ಟು, ಎಲೆಗೆ ಯಾವುದು ಬಂತೆಂದು ಅಳೆದರೆ ಗಿಡ ನಿಜವಾಗಿ ಎಲ್ಲಿಂದ ಉಣ್ಣುತ್ತದೆ ಎಂದು ತಿಳಿಯುತ್ತದೆ. ಅದರ ಅರ್ಧಾಯುಷ್ಯ ಹದಿನಾಲ್ಕು ದಿನ ಚಿಲ್ಲರೆ, ಐದು ತಿಂಗಳಲ್ಲಿ ಸಾವಿರಕ್ಕೊಂದು ಪಾಲೂ ಉಳಿಯುವುದಿಲ್ಲ. ಕೀನ್ಯಾದ ಅರೇಬಿಕಾದ ಬೇರುಗಳ ಮೇಲೆ ಇಂಥ ಅಧ್ಯಯನ 1974ರಲ್ಲಿ ಪ್ರಕಟವಾಯಿತು. ಕೇರಳ ಕೃಷಿ ವಿಶ್ವವಿದ್ಯಾಲಯ 1980ರ ದಶಕದಲ್ಲಿ ಮೆಣಸಿನ ಬಳ್ಳಿಯೂ ಅದು ಹಬ್ಬಿದ ಮರವೂ ಒಂದೇ ಗೊಬ್ಬರಕ್ಕೆ ಹೇಗೆ ಪೈಪೋಟಿ ನಡೆಸುತ್ತವೆ ಎಂದು ಇದೇ ವಿಧಾನದಲ್ಲಿ ನೋಡಿತು. ಮಳೆಯನ್ನು ಇಂಚಿನಲ್ಲಿ ಬರೆದಿಡುವ ನಮ್ಮ ಬೆಳೆಗಾರರಿಗೆ ಹಾಕಿದ ಯೂರಿಯಾದಲ್ಲಿ ಗಿಡಕ್ಕೆ ಎಷ್ಟು, ಕೊಚ್ಚಿಕೊಂಡು ಭದ್ರಾ ನದಿಗೆ ಎಷ್ಟು ಎಂಬ ಪ್ರಶ್ನೆ ದುಡ್ಡಿನ ಪ್ರಶ್ನೆ. ಇದನ್ನು ಅಳೆಯುವ ಸಾರಜನಕ-15 ವಿಕಿರಣಶೀಲವೂ ಅಲ್ಲ. ಇಂಥ ಕೆಲಸಕ್ಕೆ ಮೂರು ವರ್ಷ ಸಾಕು, ಇವತ್ತೇ ಶುರು ಮಾಡಬಹುದು.

ದೇಶ 2020-21ರಲ್ಲಿ ತನ್ನ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಖರ್ಚು ಮಾಡಿದ್ದು ಶೇ 0.64ರಷ್ಟು. 2023ರ ಕಾನೂನಿನಂತೆ ಹುಟ್ಟಿದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿ ಒದಗಿಸುವ ಅಂದಾಜಿದೆ, ಅದರ ಹೆಚ್ಚಿನ ಪಾಲು ಖಾಸಗಿ ವಲಯದಿಂದ ಬರಬೇಕು. ಖಾಸಗಿ ಹಣ ಬೇಗ ಫಲ ಕೊಡುವ ಕಡೆ ಹರಿಯುವುದು ಸಹಜ. ಇಪ್ಪತ್ತು ವರ್ಷ ಕಾಯಬೇಕಾದ ಅಡಿಕೆ ಮರಕ್ಕೆ ಸರ್ಕಾರವೇ ನಿಲ್ಲಬೇಕು.

ಹಾಗೆ ನಿಂತ ಉದಾಹರಣೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದರು. ಅದನ್ನು ನಾವು ಇಂದಿಗೂ ಹೊಡೆಯುತ್ತಿದ್ದೇವೆ. ಕೃಷಿ ನಿರ್ದೇಶಕರಾಗಿದ್ದಾಗ ಅವರ ಒತ್ತಾಸೆಯಿಂದ 1925ರಲ್ಲಿ ಬಾಳೆಹೊನ್ನೂರು ಬಳಿ ಸಂಸ್ಥಾನದ ಹಣದಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅಲ್ಲಿ ಎಸ್.288ನ್ನು ಕೆಂಟ್ ತಳಿಯೊಂದಿಗೆ ಕೂಡಿಸಿ, ಗಿಡ ಬೆಳೆಸಿ, ಎಲೆತುಕ್ಕಿಗೆ ಒಡ್ಡಿ, ಆರಿಸಿ, ಮತ್ತೆ ಬೆಳೆಸಿ ಪಡೆದ ಎಸ್.795 ಬೆಳೆಗಾರರ ಕೈಗೆ ಬಂದದ್ದು 1940ರ ದಶಕದ ಮಧ್ಯದಲ್ಲಿ. ಸುಮಾರು ಇಪ್ಪತ್ತು ವರ್ಷ. ನಡುವೆ ಜಗತ್ತಿನ ಆರ್ಥಿಕ ಕುಸಿತ ಬಂತು, ಯುದ್ಧ ಬಂತು, ಕೇಂದ್ರ ಕಾಫಿ ಮಂಡಳಿಯ ಕೈಗೆ ಹೋಯಿತು, ತಾಕುಗಳಲ್ಲಿನ ಗಿಡಗಳನ್ನು ಮಾತ್ರ ಯಾರೂ ಕೀಳಲಿಲ್ಲ. ಆ ಎಸ್.795 ಇವತ್ತಿಗೂ ಕಳಸ, ಮೂಡಿಗೆರೆ ಅರೇಬಿಕಾ ತೋಟಗಳಲ್ಲಿ ಹಣ್ಣು ಬಿಡುತ್ತಿದೆ. ಮುಂದಿನ ತಳಿಗೆ ಕೊಣಾಜೆಯ ಕಿರಣವೂ ಟ್ರಾಂಬೆಯ ಅನುಭವವೂ ಸೇರಬೇಕಾದರೆ ಯೋಜನಾ ಪತ್ರದ ಅವಧಿಯ ಕಾಲಂನಲ್ಲಿ ಇಪ್ಪತ್ತು ಎಂದು ಬರೆಯಲು ಅವಕಾಶ ಇರಬೇಕು.